ನನ್ನ ನಾಯಿಯ ಜಾತಿ ಹೇಳಿದ ಮಹನೀಯರು

ಕಡೂರಿನಿಂದ ತರೀಕೆರೆಯವರೆಗೆ, ತರೀಕೆರೆಯಿಂದ ಅಜ್ಜಂಪುರದವರೆಗೆ, ನನ್ನ ನಾಯಿಯನ್ನು ನೋಡಿ ಬಾಯಿ ಮುಚ್ಚಿಕೊಂಡು ಹೋದ ಮನುಷ್ಯ ಒಬ್ಬನೂ ಸಿಗಲಿಲ್ಲ. ಸಿಕ್ಕವರೆಲ್ಲ ಅದರ ಜಾತಿ ಹೇಳಿದರು. ಒಬ್ಬರೂ ಸರಿಯಾಗಿ ಹೇಳಲಿಲ್ಲ. ನಾನೂ ಒಬ್ಬರನ್ನೂ ಸುಮ್ಮನೆ ಬಿಡಲಿಲ್ಲ.

ನಾಯಿ ಡ್ಯಾಶ್‌ಹೌಂಡ್. ಅಪ್ಪಟ ಜಾತಿನಾಯಿ, ಜರ್ಮನಿ ಕಡೆಯ ತಳಿ. ಮೈ ಕಪ್ಪು, ಹುಬ್ಬಿನ ಮೇಲೆ ಎರಡು ಕಂದು ಬೊಟ್ಟು, ಎರಡಾಳು ಕೂರುವ ಬೆಂಚಿನಷ್ಟು ಉದ್ದ, ಮಣೆಯಷ್ಟು ಎತ್ತರ. ನಾನು ಏಳನೇ ಕ್ಲಾಸು ಅರ್ಧಕ್ಕೆ ಬಿಟ್ಟವನು. ಲಾರಿ ಕ್ಲೀನರ್ ಆದೆ, ಟೆಂಟ್ ಸಿನಿಮಾದ ಗೇಟು ಕಾದೆ, ಎಲ್ಲೂ ನಿಲ್ಲಲಿಲ್ಲ. ಕೊನೆಗೆ ಪಂಪ್‌ಸೆಟ್ ರಿಪೇರಿ ಕಲಿತು ಸೈಕಲ್ ಹತ್ತಿದೆ. ಇವತ್ತು ಬಾವಿ ಈ ಊರಿನಲ್ಲಿ, ನಾಳೆ ತೋಟ ಆ ಊರಿನಲ್ಲಿ. ಎಮರ್ಜೆನ್ಸಿ ಮುಗಿದ ಹೊಸತು, ಹೆಬ್ಬೆ ಕಡೆಯ ಒಂದು ಕಾಫಿ ಎಸ್ಟೇಟಿನ ಪಂಪು ಬಿಚ್ಚಿ ಜೋಡಿಸಿ ಕೊಟ್ಟೆ. ಎಸ್ಟೇಟಿನ ಧಣಿ ತೋಟ ಮಾರಿ ಊರು ಬಿಡುವ ತಯಾರಿಯಲ್ಲಿದ್ದ. ಒಂದು ಮರಿಯನ್ನು ಎತ್ತಿ ನನ್ನ ಕೈಗಿಟ್ಟ. ‘ಇದರ ತಾಯಿ ಲಿಲ್ಲಿ, ತಂದೆ ಮ್ಯಾಕ್ಸ್, ತಾತ ಕರ್ನಲ್. ಚೊಕ್ಕ ತಳಿ. ಯಾರು ಏನೇ ಅಂದ್ರೂ ನಂಬಬೇಡ’ ಅಂದ.

ಆಮೇಲೆ ಯಾರು ಏನಂದರೂ ನಾನು ನಂಬಲಿಲ್ಲ. ಪಂಪಿನೊಳಗಿನ ಬುಷ್ಷಿನ ಹಾಗೆ ದುಂಡಗೆ, ಉದ್ದಕ್ಕೆ ಇತ್ತು ಅಂತ ಬುಷ್ ಅಂತಲೇ ಹೆಸರಿಟ್ಟೆ. ಹೆಣ್ಣು ನಾಯಿ. ಸೈಕಲ್ಲಿನ ಹಿಂದಿನ ಕ್ಯಾರಿಯರ್‌ಗೆ ಸೋಪು ತುಂಬಿ ಬರುವ ಹಲಗೆಪೆಟ್ಟಿಗೆ ಕಟ್ಟಿ ಅದರಲ್ಲಿ ಕೂರಿಸಿದೆ. ಅಲ್ಲಿಂದ ಶುರುವಾಯಿತು.

ಎಣ್ಣೆ ನೀರು

ಸೈಕಲ್ ಪಂಚರ್ ಆದ ದಿನ ಕಡೂರಿನ ಬಸ್‌ಸ್ಟ್ಯಾಂಡಿನಲ್ಲಿ ಬೀರೂರು ಬಸ್ ಹತ್ತಿದೆ. ಬುಷ್ ನನ್ನ ಕಂಕುಳಲ್ಲಿ. ಕಂಡಕ್ಟರ್ ಬಂದು ಅದರ ತಲೆಯಿಂದ ಬಾಲದವರೆಗೆ ಕಣ್ಣು ಹಾಯಿಸಿದ. ಅಷ್ಟು ದೂರ ಹಾಯಿಸಲು ಅವನಿಗೆ ಸ್ವಲ್ಪ ಹೊತ್ತೇ ಹಿಡಿಯಿತು. ಏನಪ್ಪಾ ಇದು ಅಂದ. ನಾಯಿ ಅಂದೆ. ‘ಪೂರ್ತಿ ನಾಯೀನಾ?’ ಅಂದ.

ಪಕ್ಕದ ಸೀಟಿನಲ್ಲಿ ತೆಂಗಿನಕಾಯಿ ಮೂಟೆ ಇಟ್ಟುಕೊಂಡಿದ್ದ ಗೌಡರು ನನ್ನ ಪರವಾಗಿ ಮಾತಾಡಿದರು. ಇನ್ನೂ ಮರಿ ಕಣಯ್ಯ, ಮೈ ಮೊದಲು ಬೆಳೀತದೆ, ಕಾಲು ಆಮೇಲೆ ಬತ್ತವೆ ಅಂದರು. ಇದು ಮರಿಯಲ್ಲ, ಇದಕ್ಕೆ ಬರೋ ಕಾಲೆಲ್ಲ ಬಂದಾಗಿದೆ, ಡ್ಯಾಶ್‌ಹೌಂಡ್ ಇರೋದೇ ಹೀಗೆ ಅಂದೆ. ಬೆಲ್‌ಬಾಟಮ್ ಹುಡುಗನೊಬ್ಬ ಹಿಂದಿನ ಸೀಟಿನಿಂದ ಬಗ್ಗಿ ನೋಡಿ, ಪೊಮೇರಿಯನ್ ಇದು, ಕೂದಲು ಬೋಳಿಸಿದ್ದಾರೆ ಅಂದ. ಅವನ ಕಿವಿ ಮುಚ್ಚಿದ್ದ ಕೂದಲನ್ನು ತೋರಿಸಿ, ನಿನ್ನದು ಬೋಳಿಸಿದರೆ ನೀನು ಯಾವ ಜಾತಿ ಆಗ್ತೀಯ ನೋಡೋಣ ಅಂದೆ. ಬಸ್ಸು ನಕ್ಕಿತು. ನಾನು ಗೆದ್ದೆ ಅಂದುಕೊಂಡೆ.

ಆಗ ಮುಂದಿನ ಸೀಟಿನ ಅಜ್ಜಿ ತಿರುಗಿದರು. ಎಲೆಅಡಿಕೆ ಚೀಲ ಮಡಿಲಲ್ಲಿಟ್ಟುಕೊಂಡು ಬುಷ್‌ನ ಒಂದೊಂದೇ ಕಾಲು ಹಿಡಿದು, ಮಂಡಿ ಒತ್ತಿ, ಬಾಣಂತಿ ಮನೆಗೆ ಬಂದವರ ಹಾಗೆ ಪರೀಕ್ಷೆ ಮಾಡಿದರು. ಆಮೇಲೆ ನನ್ನನ್ನು ಕನಿಕರದಿಂದ ನೋಡಿದರು.

‘ಹುಟ್ಟಿದಾಗ ಎಣ್ಣೆ ಹಚ್ಚಿ, ನೀರು ಹಾಕೋವಾಗ ದಿನಾ ಕಾಲು ನೀವಿ ಎಳೀಬೇಕಿತ್ತು ಕಣಪ್ಪಾ. ಎಳೆದಿಲ್ಲ. ನಿನ್ನ ಮನೇಲಿ ಹೆಂಗಸರಿಲ್ಲ ಅಂತ ಈ ನಾಯಿ ಕಾಲು ನೋಡಿದ್ರೇ ಗೊತ್ತಾಯ್ತದೆ.’

ಎಷ್ಟು ಎಳೆದರೂ ಇದರ ಕಾಲು ಇಷ್ಟೇ ಅಜ್ಜಿ, ತಳಿಯೇ ಹಾಗೆ ಅಂದೆ. ಮನೆಯಲ್ಲಿ ಹೆಂಗಸರು ಇಲ್ಲ ಅನ್ನುವುದು ಮಾತ್ರ ನಿಜವಾಗಿತ್ತು.

ಹೆಬ್ಬೆ ಗೇಟಿನಲ್ಲಿ

ಮತ್ತೊಂದು ಸಲ ಹೆಬ್ಬೆಯ ಕಡೆ ಒಂದು ಎಸ್ಟೇಟಿಗೆ ರಿಪೇರಿಗೆ ಹೋಗಿದ್ದೆ. ವಾಪಸು ಬರುವಾಗ ಹಳ್ಳ ಕಂಡ ಬುಷ್ ಪೆಟ್ಟಿಗೆಯಿಂದ ಹಾರಿ ನೀರಿಗೆ ಬಿತ್ತು. ಈಜು ಮುಗಿಸಿ ಹೊರಗೆ ಬಂದಾಗ ಕೂದಲೆಲ್ಲ ಮೈಗಂಟಿ ಎಣ್ಣೆ ಹಚ್ಚಿದ ಹಾಗೆ ಮಿರಮಿರ ಮಿಂಚುತ್ತಿತ್ತು. ಹಾಗೇ ಪೆಟ್ಟಿಗೆಗೆ ಹಾಕಿಕೊಂಡು ಕಾಡಿನ ಗೇಟಿಗೆ ಬಂದೆ. ಗೇಟಿನ ಗಾರ್ಡ್ ಹೊಸಬ. ಪೆಟ್ಟಿಗೆಯೊಳಗೆ ಇಣುಕಿದವನೇ ಸೈಕಲ್ಲಿನ ಹ್ಯಾಂಡಲ್ ಹಿಡಿದುಕೊಂಡ.

‘ನೀರುನಾಯಿ ಹಿಡ್ಕೊಂಡು ಹೊಂಟಿದೀಯ. ಕಾಡುಪ್ರಾಣಿ ಸಾಗಿಸೋದು ಏನು ಕೇಸು ಗೊತ್ತಾ?’

ನೀರಿನಲ್ಲಿ ನೆಂದಿರೋ ನಾಯಿ ಸ್ವಾಮಿ, ಜರ್ಮನಿ ತಳಿ, ನೀರುನಾಯಿ ಅಲ್ಲ ಅಂದೆ. ಅವನು ಕೇಳಲಿಲ್ಲ. ಉದ್ದ ಮೈ, ಗಿಡ್ಡ ಕಾಲು, ಚಪ್ಪಟೆ ತಲೆ, ನಾನೇನು ಕಣ್ಣು ಕಾಣದವನಾ ಅಂದ. ಪ್ರಾಣಿಯನ್ನು ಇಲ್ಲಿಯೇ ಬಿಟ್ಟು ನೀನು ರೇಂಜರ್ ಬರುವವರೆಗೆ ಕೂತಿರು ಅಂದ. ಬಿಟ್ಟರೆ ಮತ್ತೆ ಸಿಗುವುದಿಲ್ಲ. ಆದರೂ ಸೋಲುವ ಮನಸ್ಸಿಲ್ಲ. ನಾಯಿ ಅಂತ ಸಾಬೀತು ಮಾಡಿದರೆ ಬಿಡ್ತೀರಾ ಅಂದೆ. ಹಾಗಾದರೆ ಬೊಗಳಿಸು ಅಂದ.

ಬುಷ್ ಬೊಗಳಲಿಲ್ಲ. ಅವನ ಕೈ ನೆಕ್ಕಿತು. ನಾನು ಕಡ್ಡಿ ತೋರಿಸಿದೆ, ಬೆಕ್ಕಿನ ಹಾಗೆ ಕೂಗಿದೆ, ಹೆದರಿಸಿದೆ. ಊಹೂಂ. ಕೊನೆಗೆ ಅದಕ್ಕೆ ನೆನಪು ಮಾಡಿಕೊಡಲು ಅಂತ ನಾನೇ ಮಂಡಿಯೂರಿ ಗಟ್ಟಿಯಾಗಿ ಬೊಗಳಿದೆ. ಬುಷ್ ತಲೆ ಓರೆ ಮಾಡಿ ಕೇಳಿಸಿಕೊಂಡಿತು.

ಗಾರ್ಡ್ ಹೇಳಿದ, ‘ನೀನು ನಾಯಿ ಅಂತ ಒಪ್ಕೋತೀನಿ. ಅದನ್ನ ಒಪ್ಕೊಳ್ಳಲ್ಲ.’

ಅಷ್ಟರಲ್ಲಿ ಅವನಿಗೆ ಊಟದ ಹೊತ್ತಾಯಿತು. ಡಬ್ಬ ತೆಗೆದ. ರಾಗಿಮುದ್ದೆ, ಹುರುಳಿ ಸಾರು. ನನಗೆ ದಾರಿ ಹೊಳೆಯಿತು. ನೀರುನಾಯಿ ಮೀನು ಬಿಟ್ಟು ಬೇರೇನನ್ನೂ ಮುಟ್ಟಲ್ಲ ಅಲ್ವಾ ಸ್ವಾಮಿ, ಒಂದು ತುತ್ತು ಮುದ್ದೆ ಇಟ್ಟು ನೋಡಿ ಅಂದೆ. ಅವನು ಬೆರಳ ತುದಿಯಷ್ಟು ಮುರಿದು ಡಬ್ಬದ ಮುಚ್ಚಳದಲ್ಲಿಟ್ಟ. ಬುಷ್ ಮುಚ್ಚಳ ಬಿಟ್ಟು ಸೀದಾ ಡಬ್ಬಕ್ಕೇ ಮೂತಿ ಹಾಕಿತು. ಇಡೀ ಮುದ್ದೆಯನ್ನು ಸಾರಿನಲ್ಲಿ ಹೊರಳಿಸಿ ನಾಲ್ಕೈದು ಸಲಕ್ಕೆ ಒಳಗೆ ಇಳಿಸಿಬಿಟ್ಟಿತು.

ಗಾರ್ಡ್ ಖಾಲಿ ಡಬ್ಬವನ್ನೂ ಅದರ ಗಂಟಲನ್ನೂ ನೋಡುತ್ತ ನಿಂತ. ಆಮೇಲೆ ಗೇಟು ಎತ್ತಿದ.

‘ಹೋಗು. ಮುದ್ದೆ ಅಗೀಲಿಲ್ಲ, ನುಂಗ್ತು. ಜರ್ಮನಿ ಅಂತೆ, ಮಣ್ಣಂತೆ. ಇದು ನಮ್ಮ ಕಡೂರು ಕಡೆ ಬೀದಿನಾಯಿ ಕಣಯ್ಯ.’

ನೀರುನಾಯಿ ಅಂದಾಗ ಬಂದಷ್ಟು ಸಿಟ್ಟು ಸಾಲದು ಅಂತ ಆಗ ಇನ್ನೊಂದು ಪಾಲು ಬಂತು. ಗೇಟು ಎತ್ತಿದ್ದರೂ ಹೋಗದೆ ಅಲ್ಲೇ ನಿಂತು ವಾದ ಮಾಡಿದೆ. ಹಸಿದ ಮನುಷ್ಯನ ಜೊತೆ ವಾದ ಮಾಡಬಾರದು ಅಂತ ಆಮೇಲೆ ಗೊತ್ತಾಯಿತು. ಸೈಕಲ್ಲಿನ ಎರಡು ಚಕ್ರದ ಗಾಳಿಯನ್ನೂ ಬಿಟ್ಟು ಕಳಿಸಿದ.

ಅರ್ಧ ಗಡ್ಡ

ತರೀಕೆರೆಯಲ್ಲಿ ನಾನು ಗಡ್ಡ ಮಾಡಿಸಿಕೊಳ್ಳುತ್ತಿದ್ದ ಅಂಗಡಿಯ ಗೋಡೆಯ ಮೇಲೆ ನಾಯಿಗಳ ಚಿತ್ರದ ಕ್ಯಾಲೆಂಡರ್ ಇತ್ತು. ವರ್ಷ ಮುಗಿದು ಎಷ್ಟೋ ಕಾಲವಾದರೂ ಚಿತ್ರ ಚೆನ್ನಾಗಿದೆ ಅಂತ ಇಟ್ಟುಕೊಂಡಿದ್ದ. ನನ್ನ ಎಡಗೆನ್ನೆ ಮುಗಿಸಿ, ಬಲಗೆನ್ನೆಗೆ ಸೋಪು ಹಚ್ಚಿ, ಕತ್ತಿ ಮಸೆಯುತ್ತ ಕುರ್ಚಿಯ ಕೆಳಗಿದ್ದ ಬುಷ್‌ನ ಕಡೆ ನೋಡಿದ. ಯಾವ ಜಾತಿ ಅಂದ. ಹೇಳಿದೆ.

ಅವನು ಕತ್ತಿ ಕೆಳಗಿಟ್ಟು, ಕ್ಯಾಲೆಂಡರಿನ ಒಂದೊಂದೇ ಹಾಳೆ ತಿರುವಿದ. ಅಲ್ಸೇಷಿಯನ್ ಇತ್ತು. ಪೊಮೇರಿಯನ್ ಇತ್ತು. ಮೈ ತುಂಬ ಚುಕ್ಕೆಯದು ಇತ್ತು. ಮುಖ ಜಜ್ಜಿದ ಹಾಗಿದ್ದದ್ದೂ ಒಂದಿತ್ತು. ಬುಷ್‌ನ ಹಾಗಿರುವುದು ಇರಲಿಲ್ಲ. ಬೆಂಚಿನ ಮೇಲೆ ಪೇಪರ್ ಹಿಡಿದು ಕೂತಿದ್ದ ಒಬ್ಬ ದಪ್ಪ ಮೀಸೆಯವರಿಗೂ ತೋರಿಸಿ ಖಚಿತ ಮಾಡಿಕೊಂಡ. ಆಮೇಲೆ ನನಗೆ ತೀರ್ಪು ಹೇಳಿದ. ಜಾತಿನಾಯಿ ಅಂದರೆ ಇಲ್ಲಿ ಇರಬೇಕಿತ್ತು, ಇಲ್ಲ, ಅದಕ್ಕೇ ಇದು ಜಾತಿನಾಯಿ ಅಲ್ಲ.

‘ಆ ಕ್ಯಾಲೆಂಡರಿನಲ್ಲಿ ನೀನೂ ಇಲ್ಲವಲ್ಲ. ಹಂಗಂದ್ರೆ ಇಷ್ಟೊತ್ತು ನನ್ನ ಗಡ್ಡ ಹೆರೆದೋರು ಯಾರು?’ ಅಂದೆ.

ಮೀಸೆಯವರು ಪೇಪರಿನ ಹಿಂದೆ ಕೆಮ್ಮಿದರು. ಅಂಗಡಿಯವನ ಮುಖ ಕೆಂಪಾಯಿತು. ನಾಯಿಯನ್ನು ಬೀದಿನಾಯಿ ಅಂತ ಒಪ್ಪಿಕೊಂಡರೆ ಮಾತ್ರ ಬಲಗೆನ್ನೆ ಅಂದ. ನಾನು ಕೊರಳಿನ ಬಟ್ಟೆ ಕಿತ್ತು ಅವನ ಕೈಗೆ ಕೊಟ್ಟೆ, ಬುಷ್‌ಗೆ ಬಾ ಅಂದೆ, ಅರ್ಧ ಸೋಪಿನ ಮುಖದಲ್ಲಿ ತರೀಕೆರೆಯ ಪೇಟೆಬೀದಿಗೆ ಇಳಿದೆ.

ಎದುರು ಸಾಲಿನಲ್ಲಿ ಇನ್ನೊಂದು ಅಂಗಡಿ ಇತ್ತು. ಅಲ್ಲಿಯವನು ಒಳ್ಳೆಯ ಮನುಷ್ಯ. ಬನ್ನಿ ಬನ್ನಿ ಅಂತ ಕುರ್ಚಿ ಒರೆಸಿದ, ಉಳಿದ ಗಡ್ಡ ನಾನು ಮುಗಿಸ್ತೀನಿ ಅಂದ, ಸೋಪು ಕಲಸಿದ. ಆಮೇಲೆ ಕೆಳಗೆ ನೋಡಿ, ‘ಮುಂಗುಸಿ ಸಾಕಿದ್ದೀರಾ?’ ಅಂದ.

ಆ ವಾರವೆಲ್ಲ ಬಲಗಡೆಯಿಂದ ಬರುವವರಿಗೆ ಒಂದು ಮುಖ, ಎಡಗಡೆಯಿಂದ ಬರುವವರಿಗೆ ಇನ್ನೊಂದು ಮುಖ ತೋರಿಸಿಕೊಂಡು ಓಡಾಡಿದೆ.

ಕಂಬದ ಹಿಂದೆ

ಅಜ್ಜಂಪುರದಲ್ಲಿ ನನ್ನ ಅಕ್ಕನ ಮನೆ. ಅಪ್ಪ ಅಮ್ಮ ಹೋದ ಮೇಲೆ ನನಗೆ ಹೆಣ್ಣು ಹುಡುಕುವ ಕೆಲಸ ಅಕ್ಕನದು ಮತ್ತು ಭಾವನದು. ಊರೂರು ಅಲೆಯುವವನು, ಓದಿಲ್ಲ, ಜೊತೆಗೊಂದು ವಿಚಿತ್ರ ಪ್ರಾಣಿ ಅಂತ ಎರಡು ಮೂರು ಕಡೆ ಕೈತಪ್ಪಿ ಹೋಗಿತ್ತು. ಅಲೆಯೋದನ್ನ ನಿನ್ನಿಂದ ಬಿಡಿಸೋಕಾಗಲ್ಲ, ಓದಿಸೋಕಂತೂ ಆಗಲ್ಲ, ನಾಯೀನಾದ್ರೂ ಬಿಡು ಅನ್ನುತ್ತಿದ್ದಳು ಅಕ್ಕ.

ಒಂದು ದಿನ ಈ ಮಾತು ನಡೆಯುತ್ತಿರುವಾಗ ಪಕ್ಕದ ಮನೆಯಾಕೆ ಜರಡಿ ವಾಪಸು ಕೊಡಲು ಬಂದರು. ಬುಷ್ ನಡುಮನೆಯ ಕಂಬದ ಹಿಂದೆ ಮಲಗಿತ್ತು. ಕಂಬದ ಈ ಕಡೆ ತಲೆ, ಆ ಕಡೆ ಬಾಲ. ಆಕೆ ಬಗ್ಗಿ ಈ ಕಡೆ ನೋಡಿದರು, ಆ ಕಡೆ ನೋಡಿದರು.

ಹೋಗುವಾಗ ಅಕ್ಕನನ್ನು ಬಾಗಿಲಲ್ಲಿ ನಿಲ್ಲಿಸಿ ಮೆಲ್ಲಗೆ ಕೇಳಿದರಂತೆ, ‘ನಿನ್ನ ತಮ್ಮ ಎರಡು ನಾಯಿ ಸಾಕಿದಾನಲ್ಲ, ಮುಂದಿನದು ಚೆನ್ನಾಗಿದೆ. ಹಿಂದಿನದು ಯಾಕೆ ತಲೆ ಎತ್ತಲ್ಲ, ಹುಷಾರಿಲ್ವಾ?’

ಅಕ್ಕ ಒಳಗೆ ಬಂದವಳೇ ಹೇಳಿದಳು. ಶಿವನಿಯಲ್ಲಿ ಒಂದು ಹುಡುಗಿ ಇದ್ದಾಳೆ. ಎರಡು ಮನೆಯವರೂ ಒಂದೇ ಮಠಕ್ಕೆ ನಡಕೊಳ್ಳೋರು. ಹುಡುಗಿ ಗಟ್ಟಿ, ಮಾತು ನೇರ. ಇದು ತಪ್ಪಿದರೆ ನಾನು ಇನ್ನು ಹುಡುಕುವುದಿಲ್ಲ. ಹೆಣ್ಣು ನೋಡಲು ಹೋಗುವಾಗ ನಾಯಿ ಇಲ್ಲೇ ಇರಬೇಕು.

ಬುಷ್ ಬರದ ಕಡೆಗೆ ನಾನೂ ಬರಲ್ಲ ಅಂದೆ. ಬಿಟ್ಟು ಹೋಗಿ ಮದುವೆಯಾಗಿ, ಆಮೇಲೆ ತಂದು ತೋರಿಸಿದರೆ ಮೋಸ. ಇರುವುದನ್ನು ಮೊದಲೇ ನೋಡಲಿ. ಅಕ್ಕ ಮಾತು ಬಿಟ್ಟಳು. ಭಾವ ಅಂಗಿ ಹಾಕಿಕೊಂಡು, ರೈಲಿಗೆ ಹೊತ್ತಾಯ್ತು ನಡಿ, ಮೂರು ಜನ ಹೋಗೋಣ ಅಂದ.

ಸುಳಿ

ಹುಡುಗಿಯ ತಂದೆ ಶಿವನಿಯ ಸುತ್ತಮುತ್ತ ಹೋರಿ ನೋಡುವುದರಲ್ಲಿ ಹೆಸರಾದವರು. ದೂರದಲ್ಲಿ ಧೂಳೆಬ್ಬಿಸಿಕೊಂಡು ಬರುವ ಅಮೃತಮಹಲ್ ಹೋರಿಯ ನಡಿಗೆ ನೋಡಿ, ಇದರ ತಾಯಿ ಯಾರ ಹಟ್ಟಿಯದು ಅಂತ ಹೇಳುವವರು. ಅವರು ಹಲ್ಲು ಎಣಿಸಿ, ಮೈಮೇಲಿನ ಕೂದಲಿನ ಸುಳಿ ನೋಡಿ ಒಪ್ಪಿದ ಮೇಲೆಯೇ ಆ ಕಡೆಯ ರೈತರು ಎತ್ತು ಕೊಳ್ಳುತ್ತಿದ್ದದ್ದು.

ಅಂಗಳದಲ್ಲಿ ಕಂಬಳಿ ಹಾಸಿ ಕೂರಿಸಿದರು. ಪಕ್ಕದಲ್ಲಿ ಹುಡುಗಿಯ ಸೋದರಮಾವ. ನೋಡಿದರೆ ತರೀಕೆರೆಯ ಅಂಗಡಿಯಲ್ಲಿ ಪೇಪರಿನ ಹಿಂದೆ ಕೆಮ್ಮಿದ ಅದೇ ದಪ್ಪ ಮೀಸೆ. ಅವರು ಗುರುತು ಸಿಕ್ಕ ಹಾಗೆ ತೋರಿಸಿಕೊಳ್ಳಲಿಲ್ಲ. ಆದರೆ ಹುಡುಗಿ ಉಪ್ಪಿಟ್ಟಿನ ತಟ್ಟೆ ಇಡುವಾಗ ನನ್ನ ಕಣ್ಣು ನೋಡಲಿಲ್ಲ. ಎಡಗೆನ್ನೆ ನೋಡಿದಳು, ಬಲಗೆನ್ನೆ ನೋಡಿದಳು, ಎರಡೂ ಸಮ ಇದೆ ಅಂತ ಖಾತ್ರಿ ಮಾಡಿಕೊಂಡು ಒಳಗೆ ಹೋದಳು. ನನಗೆ ಅವಳು ಅಲ್ಲಿಯೇ ಹಿಡಿಸಿದಳು. ಇದು ತಪ್ಪಬಾರದು ಅಂತ ಮೊದಲ ಸಲ ಅನ್ನಿಸಿತು.

ಯಜಮಾನರು ನನ್ನನ್ನು ಏನೂ ಕೇಳಲಿಲ್ಲ. ಅವರ ಕಣ್ಣೆಲ್ಲ ಬುಷ್‌ನ ಮೇಲೆ. ಅದನ್ನು ಅಂಗಳದ ನಡುವೆ ನಿಲ್ಲಿಸಿದರು. ತುಟಿ ಎತ್ತಿ ಹಲ್ಲು ನೋಡಿದರು. ಗೇಣು ಹಾಕಿ ಉದ್ದ ಅಳೆದರು. ಹಿಂದಿನಿಂದ ತಟ್ಟಿ ನಡೆಸಿ ನೋಡಿದರು. ಬೆನ್ನು ಉದ್ದ, ಎದೆ ಅಗಲ, ಎಲ್ಲ ಸರಿ, ಆದರೆ ಕಾಲು ಬೇರೆ ಯಾವುದರದೋ. ಇದು ಬೆರಕೆ ಅಂದರು. ಬೆರಕೆಯನ್ನು ಜಾತಿ ಅಂತ ನಂಬಿಕೊಂಡು ಓಡಾಡುವ ಅಳಿಯನನ್ನು ಕಟ್ಟಿಕೊಂಡರೆ ಹೋರಿ ಕೊಳ್ಳುವವರು ನಾಳೆ ನನ್ನ ಕಣ್ಣನ್ನೂ ನಂಬುವುದಿಲ್ಲ. ಸಂಬಂಧ ಬೇಕಾದರೆ ನಾಯಿ ಬಿಡಬೇಕು ಅಂದರು.

ಭಾವ ನನ್ನ ತೊಡೆ ಚಿವುಟಿದ. ತಲೆ ಆಡಿಸು ಅಂತ. ನಾನು ಆಡಿಸಲಿಲ್ಲ.

‘ಯಜಮಾನ್ರೇ, ಇದರ ತಾಯಿ ಲಿಲ್ಲಿ, ತಂದೆ ಮ್ಯಾಕ್ಸ್, ತಾತ ಕರ್ನಲ್. ನನಗೆ ನನ್ನ ಮುತ್ತಾತ ಯಾರು ಅಂತ ಗೊತ್ತಿಲ್ಲ. ಈ ಅಂಗಳದಲ್ಲಿ ಬೆರಕೆ ಯಾರಾದ್ರೂ ಇದ್ರೆ ಅದು ನಾನೇ ಇರಬೇಕು, ನಾಯಿಯಲ್ಲ.’

ಭಾವ ಕಣ್ಣು ಮುಚ್ಚಿಕೊಂಡ. ಬುಷ್‌ಗೆ ಈ ಬಿಗುವು ಏನೂ ತಿಳಿಯದೆ ಯಜಮಾನರ ಕಾಲ ಬಳಿ ಅಂಗಾತ ಬಿದ್ದು ಹೊಟ್ಟೆ ಕೆರೆಯಿರಿ ಅಂತ ನಾಲ್ಕೂ ಕಾಲು ಮೇಲೆ ಮಾಡಿತು. ಕೆರೆಯಲು ಬಗ್ಗಿದ ಯಜಮಾನರು ಬಗ್ಗಿದಂತೆಯೇ ನಿಂತರು. ಅದರ ಎದೆಯ ಮೇಲೆ, ಸರಿಯಾಗಿ ನಡುಮಧ್ಯದಲ್ಲಿ, ಕೂದಲು ಒಂದು ಸುಳಿ ಸುತ್ತಿತ್ತು.

‘ಒಂಟಿ ಸುಳಿ’ ಅಂದರು. ದನಿ ಬದಲಾಗಿತ್ತು. ಹೆಂಡತಿಯನ್ನು ಕರೆದು ತೋರಿಸಿದರು. ಹೋರಿಯಲ್ಲಿ ಇಂಥ ಸುಳಿ ತಮ್ಮ ಆಯಸ್ಸಿನಲ್ಲಿ ಎಲ್ಲೋ ಒಮ್ಮೆ ನೋಡಿದ್ದರಂತೆ, ಅದು ಹೊಕ್ಕ ಮನೆ ಮೇಲೆ ಬಂತಂತೆ. ಆಮೇಲೆ ನನ್ನ ಹತ್ತಿರ ಬಂದು ಕೂತು, ಹೆಗಲ ಟವಲ್ ತೆಗೆದು ನನ್ನ ಕೈಮೇಲೆ ಮುಚ್ಚಿ, ಒಳಗೆ ನನ್ನ ಬೆರಳು ಹಿಡಿದು ಒತ್ತಿದರು. ಸಂಬಂಧ ಕುದುರಿತು, ಇವರ ಕಡೆ ಹೀಗೆ ಕೈ ಹಿಡಿದು ಒಪ್ಪುತ್ತಾರೆ ಅಂದುಕೊಂಡು ನಾನೂ ಗೌರವದಿಂದ ಒತ್ತಿದೆ. ಅವರು ಮತ್ತೆ ಒತ್ತಿದರು. ನಾನೂ ಮತ್ತೆ ಒತ್ತಿದೆ. ಭಾವ ನನ್ನ ಕಿವಿಯಲ್ಲಿ, ‘ಲೇ, ದನದ ವ್ಯಾಪಾರ ಕಣೋ ಅದು. ನಾಯಿಗೆ ಬೆಲೆ ಕಟ್ತಾವ್ರೆ, ನೀನು ಏರಿಸ್ತಾ ಇದೀಯ’ ಅಂದ.

ಕೈ ಎಳೆದುಕೊಂಡೆ. ನಾನು ಹೆಣ್ಣು ನೋಡೋಕೆ ಬಂದೋನು, ನಾಯಿ ಮಾರೋಕಲ್ಲ ಅಂದೆ. ಯಜಮಾನರಿಗೆ ರೇಗಿತು. ನಾಯಿಯನ್ನು ನೋಡಿದ್ದಾಯಿತು, ನಿನ್ನನ್ನೂ ನೋಡೇಬಿಡುತ್ತೇನೆ, ತಲೆ ಬಗ್ಗಿಸು ಅಂದರು. ಬಗ್ಗಿಸಿದೆ. ಕೂದಲು ಬಿಡಿಸಿ ನೋಡಿದರು. ಸೋದರಮಾವನನ್ನೂ ಕರೆದು ತೋರಿಸಿದರು. ನನ್ನ ನೆತ್ತಿಯ ಮೇಲೆ ಸುಳಿ ಎರಡಿದ್ದವು.

‘ಜೋಡಿ ಸುಳಿ. ಎರಡು ಮದುವೆ ಆಗೋ ತಲೆ. ನಾಯಿ ಚೊಕ್ಕ, ಐಬು ಇರೋದು ಗಂಡಲ್ಲೇ. ಮಗಳ ಮೇಲೆ ಸವತಿ ತರೋನಿಗೆ ಕೊಡಾಕಿಲ್ಲ’ ಅಂದರು.

ಭಾವ ಎದ್ದು ಚಪ್ಪಲಿ ಹುಡುಕಿದ. ನಾನೂ ಎದ್ದೆ. ಸುಳಿಗೆ ಹೆದರಿ ಬೇಡಿಕೊಳ್ಳುವವನು ನಾನಲ್ಲ. ‘ಬುಷ್, ಬಾ’ ಅಂದೆ. ಬುಷ್ ಅಂಗಳದಲ್ಲಿ ಇರಲಿಲ್ಲ.

ಹುಡುಗಿ ನಡುಮನೆಯ ಬಾಗಿಲಿಗೆ ಬಂದಳು. ಅವಳ ತೋಳಿನಲ್ಲಿ ಬುಷ್ ಮಲಗಿತ್ತು, ಮೂತಿಗೆಲ್ಲ ಉಪ್ಪಿಟ್ಟು. ಅವಳು ನನ್ನ ಕಡೆ ನೋಡದೆ ತಂದೆಗೆ ಹೇಳಿದಳು.

‘ಎರಡು ಮದುವೆ ಅಂದ್ಯಲ್ಲಪ್ಪಾ, ಒಂದು ಆಗ್ಲೇ ಆಗೈತೆ. ಅರ್ಧ ಗಡ್ಡ ಬಿಟ್ಕೊಂಡು ತರೀಕೆರೆ ಬೀದೀಲಿ ಇವಳಿಗೋಸ್ಕರ ಹೋದೋರು ಇವರೇ ಅಂತ ಮಾವ ಹೇಳಿಲ್ವಾ. ಇವತ್ತೂ ಇವಳನ್ನ ಬಿಟ್ಟು ಬರಲಿಲ್ಲ. ಮೊದಲನೇ ಸುಳಿ ಇವಳದು. ಉಳಿದಿರೋದು ಒಂದೇ ತಾನೇ?’

ಯಜಮಾನರು ನನ್ನ ತಲೆ ನೋಡಿದರು, ನಾಯಿಯನ್ನು ನೋಡಿದರು, ಮಗಳನ್ನು ನೋಡಿದರು. ಬೆರಳು ಮಡಿಚಿ ಬಿಡಿಸಿದರು. ಸೋದರಮಾವ ಮೀಸೆಯೊಳಗೆ ಕೆಮ್ಮಿದರು. ಕೊನೆಗೆ ಯಜಮಾನರು, ‘ಲೆಕ್ಕ ಸರಿ ಐತೆ’ ಅಂದರು. ಮತ್ತೆ ಟವಲ್ ತೆಗೆದರು. ಈ ಸಲ ಮುಚ್ಚಲಿಲ್ಲ, ಹಾಗೇ ನನ್ನ ಕೈ ಹಿಡಿದರು.

ಮದುವೆಯಾಯಿತು. ನನ್ನ ಮಾವ ಇದ್ದಷ್ಟು ದಿನವೂ ಬುಷ್ ಅಮೃತಮಹಲ್ ಲಕ್ಷಣದ ನಾಯಿ ಅಂತಲೇ ಊರಿಗೆಲ್ಲ ಹೇಳಿದರು. ಪ್ರತಿ ಸಲವೂ ಅವರ ಎದುರಿಗೇ ಹಾಗಲ್ಲ ಅಂದೆ. ಗಾರ್ಡ್‌ಗೆ ಅಂದೆ, ಅಂಗಡಿಯವನಿಗೆ ಅಂದೆ, ಬಸ್ಸಿನವರಿಗೆಲ್ಲ ಅಂದೆ. ಆದರೆ ಮನೆಯ ಮುಂದೆ ಹೋಗುವ ಯಾರಾದರೂ ನಿಂತು, ಇದು ಯಾವ ಜಾತಿ ಅಂತ ಕೇಳಿದರೆ, ನಾನು ಡ್ಯಾಶ್ ಅನ್ನುವಷ್ಟರಲ್ಲೇ ಒಳಗಿನಿಂದ ಹೆಂಡತಿ ಉತ್ತರ ಕೊಟ್ಟುಬಿಡುತ್ತಿದ್ದಳು.

‘ನನ್ನ ಸವತಿ. ನನಗಿಂತ ದೊಡ್ಡೋಳು.’

ಬುಷ್‌ನ ಜಾತಿ ತಪ್ಪು ಹೇಳಿದವರಲ್ಲಿ ನಾನು ಎದುರು ಮಾತಾಡದೆ ಬಿಟ್ಟದ್ದು ಅವಳೊಬ್ಬಳನ್ನೇ.